ಹೊಡೆತ ತಿಂದವಳಿಗೆ ಯಾವ ಕೋರ್ಟು?



ಹೆಂಗಸಿನ ಮೇಲಿನ ಹಿಂಸೆ ಯಾರ ಕೋರ್ಟಿಗೆ ಸೇರಿದ್ದು? ಈ ಜಗಳದಲ್ಲೇ ಅಮೆರಿಕದ ಒಂದು ಒಳ್ಳೆಯ ಕಾನೂನಿನ ಮುಖ್ಯ ಕಲಮು ಬಿದ್ದುಹೋಯಿತು. ಅಲ್ಲಿಯ ಕಥೆ ನಮಗೇಕೆ ಎನ್ನಬೇಡಿ. ಅಲ್ಲಿ ಹೇಳಿದ ನೆವವನ್ನೇ ನಮ್ಮ ಠಾಣೆಗಳಲ್ಲೂ ನಾನು ಕೇಳಿದ್ದೇನೆ.

ಅಲ್ಲಿ ರಾಜ್ಯಗಳ ಕೋರ್ಟುಗಳೇ ಬೇರೆ, ಕೇಂದ್ರದ ಕೋರ್ಟುಗಳೇ ಬೇರೆ. ವಿಚ್ಛೇದನ, ಜೀವನಾಂಶ ನಮ್ಮ ಕೆಲಸವಲ್ಲ, ರಾಜ್ಯದವರದ್ದು ಎಂದು ಕೇಂದ್ರದ ಕೋರ್ಟುಗಳು 1859ರಿಂದಲೇ ಹೇಳುತ್ತ ಬಂದಿವೆ. ಹಾಗಾದರೆ ರಾಜ್ಯದ ಕೋರ್ಟುಗಳಲ್ಲಿ ಹೆಣ್ಣಿಗೆ ನ್ಯಾಯ ಸಿಕ್ಕಿತೇ? 21 ರಾಜ್ಯಗಳ ಸಮಿತಿಗಳೇ ಅಲ್ಲಿ ಪಕ್ಷಪಾತವಿದೆ ಎಂದು ವರದಿ ಕೊಟ್ಟವು.

ನಾಲ್ಕು ವರ್ಷ ಸಾಕ್ಷ್ಯ ಕೇಳಿದ ಅಲ್ಲಿಯ ಸಂಸತ್ತು 1994ರಲ್ಲಿ ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧ ಕಾನೂನು ಮಾಡಿತು. ಹೆಣ್ಣೆಂಬ ಕಾರಣಕ್ಕೆ ಹಿಂಸೆಗೆ ಒಳಗಾದವಳು ಕೇಂದ್ರದ ಕೋರ್ಟಿನಲ್ಲೂ ಪರಿಹಾರ ಕೇಳಬಹುದು ಎಂದಿತು. ಮಸೂದೆಯಿದ್ದಾಗಲೇ ರಾಜ್ಯಗಳ ಮುಖ್ಯ ನ್ಯಾಯಾಧೀಶರ ಸಮ್ಮೇಳನ ವಿರೋಧಿಸಿತ್ತು. ಸಂಸಾರದ ವ್ಯಾಜ್ಯಗಳೆಲ್ಲ ಕೇಂದ್ರದ ಕೋರ್ಟಿಗೆ ಬಂದಾವು ಎಂದು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ರೆನ್‌ಕ್ವಿಸ್ಟ್ ಕೂಡ ಆತಂಕಪಟ್ಟಿದ್ದರು.

ಇಬ್ಬರು ಸಹಪಾಠಿಗಳು ತನ್ನ ಮೇಲೆ ಅತ್ಯಾಚಾರ ಮಾಡಿದರೆಂದು ವರ್ಜೀನಿಯಾದ ವಿದ್ಯಾರ್ಥಿನಿಯೊಬ್ಬಳು ಈ ಕಲಮಿನಡಿ ದಾವೆ ಹೂಡಿದಳು. 2000ದ ಮೇ 15ರಂದು ತೀರ್ಪು ಬಂತು. ಐವರು ನ್ಯಾಯಾಧೀಶರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಹಿಂಸೆ ವ್ಯಾಪಾರ ವಹಿವಾಟಲ್ಲ, ಸಂಸತ್ತಿಗೆ ಈ ಅಧಿಕಾರವಿಲ್ಲ, ಅದು ರಾಜ್ಯಗಳ ವಿಷಯ ಎಂದು ಬಹುಮತ ಹೇಳಿತು. ಆ ಕಲಮು ರದ್ದಾಯಿತು; ಕಾನೂನಿನ ಬೇರೆ ಭಾಗಗಳು ಉಳಿದವು. ತೀರ್ಪು ಬರೆದವರು ಅದೇ ರೆನ್‌ಕ್ವಿಸ್ಟ್!

ರಾಜ್ಯಗಳ ಅಧಿಕಾರ ಕಾಪಾಡಿದೆವು ಎಂದರು. ಆದರೆ 36 ರಾಜ್ಯಗಳು ಈ ಕಾನೂನು ಬೇಕೆಂದು ಕೋರ್ಟಿಗೆ ಬರೆದುಕೊಟ್ಟಿದ್ದವು. ಬೇಡವೆಂದದ್ದು ಒಂದೇ ರಾಜ್ಯ. ಹಾಗಾದರೆ ಕಾಪಾಡಿದ್ದು ಯಾರನ್ನು? ಅಧಿಕಾರದ ಹಂಚಿಕೆ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಒಂದು ಬಾಗಿಲು ಮುಚ್ಚುವವರು ಇನ್ನೊಂದು ಬಾಗಿಲು ತೆರೆದಿದೆಯೇ ಎಂದು ಮೊದಲು ನೋಡಬೇಕು.

ನಮ್ಮಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಒಂದೇ ಏಣಿ. ಆದರೂ "ಗಂಡನ ಊರಿನ ಠಾಣೆಗೆ ಹೋಗಮ್ಮ" ಎಂಬ ಮಾತು ತಪ್ಪಿಲ್ಲ. ಇದು ಸುಳ್ಳು ನೆವ. ಗಂಡನ ಮನೆಯಿಂದ ಹೊರಬಿದ್ದವಳು ಆಶ್ರಯ ಪಡೆದ ಊರಿನಲ್ಲೂ ಕ್ರೌರ್ಯದ ಮೊಕದ್ದಮೆ ನಡೆಯಬಹುದು ಎಂದು 2019ರಲ್ಲಿ ನಮ್ಮ ಸುಪ್ರೀಂ ಕೋರ್ಟು ಹೇಳಿದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ, ತಾತ್ಕಾಲಿಕವಾಗಿ ಇರುವ ಊರಿನ ಮ್ಯಾಜಿಸ್ಟ್ರೇಟರಿಗೂ ಅರ್ಜಿ ಕೊಡಬಹುದು. ಇಂಥ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲೂ ದೂರು ಕೊಡಬಹುದು ಎಂಬುದು 2024ರ ಜುಲೈ 1ರಿಂದ ಕಾನೂನಿನಲ್ಲೇ ಇದೆ.

ಇದನ್ನು ಸಂಘದ ಸಭೆಯಲ್ಲಿ ಓದಿ ಹೇಳಿ. "ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದರೆ, "ಹಾಗೆಂದು ಬರೆದು ಕೊಡಿ" ಎಂದು ಕೇಳಿ. ನೊಂದವಳನ್ನು ಒಬ್ಬಳೇ ಕಳಿಸಬೇಡಿ. ಹತ್ತು ಜನ ಜೊತೆಗೆ ಹೋಗಿ.