ಬಿಳೀ ಗೋಡೆಗೆ ಗುರಿಯಿಟ್ಟು...

ಪಿಸ್ತೂಲ್ ಶೂಟಿಂಗ್‌ಗೆ ಹೋಗ್ತೀನಿ ಅಂದ ತಕ್ಷಣ ನಮ್ಮ ಆಫೀಸಿನಲ್ಲಿ ಎರಡು ಪ್ರಶ್ನೆ ಬರುತ್ತವೆ. ಒಂದು, 'ಲೈಸೆನ್ಸ್ ಇದೆಯಾ?' ಇನ್ನೊಂದು, 'ಎಷ್ಟು ಸ್ಕೋರ್ ಬರುತ್ತೆ?' ಮೊದಲನೆಯದಕ್ಕೆ ಉತ್ತರ ಸುಲಭ. ನಾವು ಹೊಡೆಯೋದು ಏರ್ ಪಿಸ್ತೂಲ್. ಗಾಳಿಯ ಒತ್ತಡ ಒಂದು ಪುಟ್ಟ ಸೀಸದ ಪೆಲೆಟ್ಟನ್ನ ತಳ್ಳುತ್ತೆ, ಅಷ್ಟೇ. 4.5 ಮಿಲಿಮೀಟರ್ ಮೀರದ, 20 ಜೂಲ್ ದಾಟದ ಏರ್ ಗನ್ನಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ. ತಕರಾರಿರೋದು ಎರಡನೇ ಪ್ರಶ್ನೆ ಬಗ್ಗೆ.

2024ರ ಜುಲೈ 28ರಂದು ಪ್ಯಾರಿಸ್ಸಿನಲ್ಲಿ ಮನು ಭಾಕರ್ ಕಂಚು ಗೆದ್ದಳಲ್ಲ, ಎರಡೇ ದಿನಕ್ಕೆ ಸರಬ್‌ಜೋತ್ ಸಿಂಗ್ ಜೊತೆ ಇನ್ನೊಂದು, ಅಲ್ಲಿಂದ ನಮ್ಮ ವೈಟ್‌ಫೀಲ್ಡ್ ಕಡೆಯ ಕ್ಲಬ್ಬಿನಲ್ಲಿ ಭಾನುವಾರ ಲೇನ್ ಸಿಗೋದೇ ಕಷ್ಟ. ಸಂತೋಷವೇ. ಆದರೆ ಬರೋರೆಲ್ಲ ಕೇಳೋದು 'ಎಷ್ಟು ತಿಂಗಳಿಗೆ 550 ಬರುತ್ತೆ?' ಅಂತ. ಜಿಮ್ಮಿನವರು ತೂಕದ ಲೆಕ್ಕ ಹೇಳಿದ ಹಾಗೆ ಕ್ಲಬ್ಬಿನವರೂ ಒಂದು ಲೆಕ್ಕ ಹೇಳ್ತಾರೆ. ಬಾಗಿಲ ಹತ್ತಿರ ಒಂದು ಬಿಳಿ ಬೋರ್ಡು. ಪ್ರತಿ ಭಾನುವಾರ ಸಂಜೆ ಎಲ್ಲರ ಹೆಸರು, ಮುಂದೆ ಅಂಕ, ಮೇಲಿಂದ ಕೆಳಕ್ಕೆ. ಕಲಿಯೋರ ಮಟ್ಟಿಗೆ ಆ ಬೋರ್ಡು, ಅದಕ್ಕಿಂತ ಹೆಚ್ಚಾಗಿ ಪ್ರತಿ ಲೇನಿನ ಪಕ್ಕದ ಸ್ಕ್ರೀನು, ಉಪಕಾರಕ್ಕಿಂತ ಅಪಕಾರವನ್ನೇ ಮಾಡ್ತಿವೆ ಅನ್ನೋದು ನನ್ನ ಅಭಿಪ್ರಾಯ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಹತ್ತು ಮೀಟರ್ ದೂರ. ಒಂದೇ ಕೈ, ಇನ್ನೊಂದು ಕೈಯ ಆಸರೆ ಕೂಡದು. 75 ನಿಮಿಷದಲ್ಲಿ 60 ಹೊಡೆತ, ಪೂರ್ತಿ 600. ಪ್ಯಾರಿಸ್ಸಿನ ಅರ್ಹತಾ ಸುತ್ತಿನಲ್ಲಿ ಮನು ಹೊಡೆದದ್ದು 580. ಹತ್ತರ ವೃತ್ತದ ವ್ಯಾಸ 11.5 ಮಿಲಿಮೀಟರ್, ಹೆಚ್ಚುಕಡಿಮೆ ಕಿರುಬೆರಳಿನ ಉಗುರಿನಷ್ಟು. ಕೈಯಲ್ಲಿರೋದು ಒಂದು ಕೆಜಿ ತೂಕದ ಕಬ್ಬಿಣ. ಟ್ರಿಗರ್ ಎಳೆಯೋಕೆ ಕನಿಷ್ಠ 500 ಗ್ರಾಂ ಒತ್ತಡ ಬೇಕು ಅಂತ ನಿಯಮ, ಅಂದ್ರೆ ಅರ್ಧ ಲೀಟರ್ ನಂದಿನಿ ಪ್ಯಾಕೆಟ್ಟನ್ನ ತೋರುಬೆರಳಿಗೆ ನೇತು ಹಾಕಿದಷ್ಟು. ಕೈ ನಡುಗೇ ನಡುಗುತ್ತೆ. ಒಲಿಂಪಿಕ್ಸ್‌ನವರದ್ದೂ ನಡುಗುತ್ತೆ, ನಮಗಿಂತ ಕಡಿಮೆ.

ಹಾಗಾದ್ರೆ ಗುರಿ ತಪ್ಪೋದು ಯಾಕೆ? ಇದನ್ನ ನನಗೆ ಚೆನ್ನಾಗಿ ಬಿಡಿಸಿ ಹೇಳಿದ್ದು ಕೋಚ್ ಅಲ್ಲ, ಕ್ಲಬ್ಬಿನ ಇನ್ನೊಬ್ಬ ಸದಸ್ಯರು. ಪೀಣ್ಯದಲ್ಲಿ ಇಪ್ಪತ್ತು ವರ್ಷ ಲೇತ್ ಓಡಿಸಿ, ಈಗ ಹೂಡಿ ಕಡೆ ಒಂದು ವರ್ಕ್‌ಶಾಪಿನಲ್ಲಿ ಸಿಎನ್‌ಸಿ ಸೆಟ್ಟರ್ ಆಗಿರೋರು. ಮೈಕ್ರಾನ್ ಲೆಕ್ಕದಲ್ಲೇ ಬದುಕಿದವರು. ಟಾರ್ಗೆಟ್ ಕಾರ್ಡಿನ ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ತೋರಿಸಿದ್ರು.

"ನೋಡಿ ಸಾರ್, ನಿಮ್ಮ ಪಿಸ್ತೂಲಲ್ಲಿ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ 32 ಸೆಂಟಿಮೀಟರ್. ಕೈ ಇಡಿಯಾಗಿ ಒಂದು ಮಿಲಿಮೀಟರ್ ಪಕ್ಕಕ್ಕೆ ಹೋದ್ರೆ ಅಲ್ಲೂ ಒಂದೇ ಮಿಲಿಮೀಟರ್. ಆದ್ರೆ ಮಣಿಕಟ್ಟು ತಿರುಗಿ ಮುಂದಿನ ಸೈಟು ಮಾತ್ರ ಒಂದು ಮಿಲಿಮೀಟರ್ ಸರಿದ್ರೆ? ಹತ್ತು ಮೀಟರಲ್ಲಿ ಅದು 31 ಆಗುತ್ತೆ."

"ಅಂದ್ರೆ ಅಣ್ಣಾ, ಹತ್ತು ಬೀಳೋ ಕಡೆ..."

"ಏಳು."

ಒಂದೊಂದು ವೃತ್ತಕ್ಕೂ 8 ಮಿಲಿಮೀಟರ್ ಅಂತರ. ಲೆಕ್ಕ ಹಾಕಿ ನೋಡಿ, ಸರಿಯಾಗೇ ಇದೆ. ಹಾಗಾಗಿ ಕಣ್ಣು ಇರಬೇಕಾದ್ದು ಮುಂದಿನ ಸೈಟಿನ ಮೇಲೆ. ಕಪ್ಪು ಗುರಿ ಮಸುಕಾಗಿದ್ದರೆ ಏನೂ ನಷ್ಟ ಇಲ್ಲ. ಓದೋಕೆ ಸುಲಭ. ಆದರೆ ಗುರಿ ಎದುರಿಗಿದ್ದಾಗ ಅದನ್ನ ನೋಡದೇ ಇರೋದಿದೆಯಲ್ಲ, ಊಟದ ಎಲೆ ಮುಂದೆ ಕೂತು ಪಾಯಸ ನೋಡದೇ ಇದ್ದ ಹಾಗೆ :-)

ಅದಕ್ಕೇ ಬಿಳೀ ಗೋಡೆ. ಪೆಲೆಟ್ ಹಾಕದೆ, ಡ್ರೈ ಫೈರ್ ಮೋಡಿನಲ್ಲಿ, ಖಾಲಿ ಗೋಡೆಗೆ ಪಿಸ್ತೂಲ್ ಹಿಡಿದು ಟ್ರಿಗರ್ ಒತ್ತೋದು. 'ಟಕ್' ಅಂದಾಗ ಮುಂದಿನ ಸೈಟು ಅಲುಗಿತಾ ಇಲ್ಲವಾ, ನೋಡಬೇಕಾದ್ದು ಅಷ್ಟೇ. ದಿನಾ ಇಪ್ಪತ್ತು ನಿಮಿಷ ಸಾಕು. ಖರ್ಚಿಲ್ಲ, ವರ್ತೂರು ರಸ್ತೆಯ ಟ್ರಾಫಿಕ್ ಇಲ್ಲ. ಅಪಾರ್ಟ್‌ಮೆಂಟಿನಲ್ಲಿರೋರು ಕರ್ಟನ್ ಎಳಕೊಳ್ಳಿ, ಎದುರು ಬ್ಲಾಕಿನವರು ಪೊಲೀಸರಿಗೆ ಫೋನ್ ಮಾಡಬಾರದಲ್ಲ! ಮೂರು ತಿಂಗಳು ಹೀಗೆ ಮಾಡಿದಾಗ ನನ್ನ ಹೊಡೆತಗಳು ಒಂದು ಕಡೆ ಗುಂಪಾಗತೊಡಗಿದವು. ದುಬಾರಿ ಗ್ರಿಪ್ಪು, ಆಮದು ಪೆಲೆಟ್ಟು ಯಾವುದೂ ಅಷ್ಟು ಕೊಟ್ಟಿರಲಿಲ್ಲ.

ಸ್ಕ್ರೀನು ಇದಕ್ಕೆ ತದ್ವಿರುದ್ಧ. ಹೊಡೆದ ಕೂಡಲೇ 9.3, 10.1, 7.8 ಅಂತ ದಶಾಂಶ ಸಮೇತ ತೋರಿಸುತ್ತೆ. ಕೈಯಲ್ಲಿ ಏನಾಯ್ತು ಅಂತ ಯೋಚಿಸೋ ಮೊದಲೇ ಉತ್ತರ ಬಂದಿರುತ್ತೆ. 7.8 ಕಂಡವನು ಮುಂದಿನ ಹೊಡೆತದಲ್ಲಿ ಹತ್ತನ್ನ ಅಟ್ಟಿಸಿಕೊಂಡು ಹೋಗ್ತಾನೆ. ಸೈಟು ನಡುವೆ ಬಂದ ಆ ಅರೆಗಳಿಗೆಯಲ್ಲಿ ಟ್ರಿಗರ್ ಕಿತ್ತುಬಿಡ್ತಾನೆ. ಮಣಿಕಟ್ಟು ತಿರುಗುತ್ತೆ. ಮತ್ತೆ ಏಳು. (ನಮ್ಮ ಕೊಡವ ಸಹೋದ್ಯೋಗಿಯೊಬ್ಬರು ಕೈಲ್ ಪೊಳ್ದ್ ಹಬ್ಬದ ತೆಂಗಿನಕಾಯಿ ಸ್ಪರ್ಧೆಯಲ್ಲಿ ಕೋವಿ ಹಿಡಿದು ಬೆಳೆದವರು. ಕಾಯಿ ಒಡೀತಾ, ಇಲ್ಲವಾ, ಅದರಲ್ಲಿ ದಶಾಂಶ ಎಲ್ಲಿಂದ ಬಂತು ಅಂತಾರೆ.)

ಕಳೆದ ವರ್ಷ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಬರ್ತಿದ್ದ. ಮೊದಲ ಎರಡು ತಿಂಗಳು ಅವನಿಗೆ ವೃತ್ತಗಳಿಲ್ಲದ ಖಾಲಿ ಕಾರ್ಡು ಕೊಟ್ಟಿದ್ದರು. ಐದು ಪೆಲೆಟ್ಟು ಹೊಡೆದರೆ ಐದೂ ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗೋವು. ನಾವೆಲ್ಲ ನಿಂತು ನೋಡ್ತಿದ್ವಿ. ಆಮೇಲೆ ಅವನ ಹೆಸರು ಬೋರ್ಡಿಗೆ ಬಂತು, ಹದಿನಾಲ್ಕನೇ ಸಾಲಿನಲ್ಲಿ. ಅವರಪ್ಪ ಪ್ರತಿ ಭಾನುವಾರ ಬೋರ್ಡಿನ ಫೋಟೋ ತೆಗೆದುಕೊಂಡು ಹೋಗೋರು. ಹುಡುಗ ಒಂದೊಂದು ಹೊಡೆತಕ್ಕೂ ಸ್ಕ್ರೀನ್ ನೋಡಿ, ಹಿಂದೆ ಕೂತ ಅಪ್ಪನ ಮುಖ ನೋಡಿ, ಆಮೇಲೆ ಮತ್ತೆ ಕೈ ಎತ್ತೋನು. ದಸರಾ ರಜೆ ಮುಗಿದ ಮೇಲೆ ಬರಲೇ ಇಲ್ಲ. ಈಗ ಅಬ್ಯಾಕಸ್ ಕ್ಲಾಸಿಗೋ ಕೋಡಿಂಗ್ ಕ್ಲಾಸಿಗೋ ಹೋಗ್ತಿರಬೇಕು, ಅಲ್ಲೂ ಬೋರ್ಡಿರುತ್ತೆ.

'ಸ್ಪರ್ಧೆ ಅಂದಮೇಲೆ ಅಂಕ ಬೇಡವೇನ್ರೀ? ರಾಜ್ಯ ಮಟ್ಟದಿಂದ ಮುಂದೆ ಹೋಗೋಕೆ ಇಷ್ಟು ಅಂತ ಬರಲೇಬೇಕಲ್ಲ' ಅಂತೀರಿ. ಖಂಡಿತ ಬೇಕು. ಮ್ಯಾಚಿನ ದಿನ ಎಣಿಸಲಿ. ತಿಂಗಳಿಗೊಂದು ಸಲ ಕ್ಲಬ್ಬಿನಲ್ಲೇ ಪೂರ್ತಿ 60 ಹೊಡೆಸಲಿ. ನಾನು ಹೇಳ್ತಿರೋದು ಉಳಿದ ದಿನಗಳ ಮಾತು. ನಮ್ಮ ಬೆಂಗಳೂರಿನವರೇ ಪ್ರಕಾಶ್ ನಂಜಪ್ಪ ಇದ್ದಾರಲ್ಲ, ಕೆನಡಾದಲ್ಲಿದ್ದ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದು ಪಿಸ್ತೂಲ್ ಹಿಡಿದವರು. 2013ರಲ್ಲಿ ಸ್ಪೇನಿನ ಗ್ರನಾಡಾ ವಿಶ್ವಕಪ್ ಹೊತ್ತಿಗೆ ಅವರ ಮುಖದ ಅರ್ಧ ಭಾಗಕ್ಕೆ ಪಾರ್ಶ್ವವಾಯು ಬಡಿಯಿತು. ಗುರಿಕಾರನಿಗೆ ಮುಖ, ಕಣ್ಣು ಅಂದ್ರೆ ಏನು ಅಂತ ನೀವೇ ಯೋಚಿಸಿ. ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇದೇ ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. ಆ ನಡುವಿನ ತಿಂಗಳುಗಳಲ್ಲಿ ಅವರನ್ನ ವಾರವಾರ ಬೋರ್ಡಿನ ಮೇಲೆ ಬರೆದಿದ್ದರೆ ಎಷ್ಟನೇ ಸಾಲಿಗೆ ಬರೆಯೋದು?

ಸ್ಕ್ರೀನ್ ಇರೋ ಕ್ಲಬ್ಬಿನಲ್ಲೂ ಒಂದು ದಾರಿ ಇದೆ. ಸ್ಕ್ರೀನಿಗೆ ಟವೆಲ್ ಹಾಕಿ. ಹೊಡೆದ ಮೇಲೆ ಪಿಸ್ತೂಲ್ ಕೆಳಗಿಳಿಸದೆ ಎರಡು ಸೆಕೆಂಡ್ ಹಾಗೇ ನಿಂತು, 'ಇದು ಎಡಕ್ಕೆ, ಎಂಟು' ಅಂತ ನೀವೇ ಊಹಿಸಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹತ್ತು ಹೊಡೆತ ಆದಮೇಲೆ ಟವೆಲ್ ಎತ್ತಿ ಹೋಲಿಸಿ. ಊಹೆ ನಿಜವಾಗ್ತಾ ಬಂದ ಹಾಗೆ ಕೈ ಏನು ಮಾಡ್ತಿದೆ ಅಂತ ನಿಮಗೇ ಗೊತ್ತಾಗ್ತಾ ಹೋಗುತ್ತೆ. ಸೆಟ್ಟರ್ ಅಣ್ಣ ಇದನ್ನ ಒಂದು ಹಳೇ ಜಾಬ್ ಕಾರ್ಡಿನ ಹಿಂದೆ ಬರೆದಿಡ್ತಾರೆ. ಅವರ ಸ್ಕೋರ್ ಎಷ್ಟು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳಿಯೂ ಇಲ್ಲ.

ನಾವು ಆರು ಜನ ಸೇರಿ ಕ್ಲಬ್ಬಿನವರಿಗೆ ಒಂದು ಕಾಗದ ಬರೆದುಕೊಟ್ಟೆವು. ಗುರುವಾರ ಒಂದು ದಿನ ಸ್ಕ್ರೀನ್ ಆಫ್ ಮಾಡಿ ಖಾಲಿ ಕಾರ್ಡು ಹಾಕೋಕೆ ಒಪ್ಪಿದ್ದಾರೆ. ಬೋರ್ಡಿನ ವಿಷಯ ಕೇಳಿದ್ರೆ, "ಪೇರೆಂಟ್ಸ್ ಕೇಳ್ತಾರೆ ಸಾರ್" ಅಂದ್ರು.