ಜೀಪಿಗೆ ಮೊದಲು ಬ್ರೇಕು, ಆಮೇಲೆ ಬಣ್ಣ

ನಾಲ್ಕು ಚಕ್ರವಿರುವ ಗಾಡಿಗೆಲ್ಲ ನಾವು ‘ಫೋರ್ ವೀಲರ್’ ಅನ್ನುತ್ತೇವೆ. ಆದರೆ ‘ಫೋರ್ ವೀಲ್ ಡ್ರೈವ್’ ಅಂದರೆ ಬೇರೆ, ಮಕ್ಕಳೇ. ಸಾಧಾರಣ ಕಾರಿನಲ್ಲಿ ಎಂಜಿನ್ನಿನ ಬಲ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಉಳಿದೆರಡು ಸುಮ್ಮನೆ ಜೊತೆಗೆ ಉರುಳುತ್ತವೆ. ಜೀಪಿನಲ್ಲಿ ಇನ್ನೊಂದು ಲಿವರ್ ಇರುತ್ತದೆ. ಅದನ್ನು ಹಾಕಿದರೆ ಮುಂದಿನ ಚಕ್ರಗಳಿಗೂ ಬಲ ಸಿಗುತ್ತದೆ. ಕೆಸರಿನಲ್ಲಿ ಹಿಂದಿನ ಚಕ್ರ ಜಾರಿದರೂ ಮುಂದಿನವು ಎಳೆದುಕೊಂಡು ಹೋಗುತ್ತವೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ಗಾಡಿ ಇದು. ನಮ್ಮ ದೇಶದಲ್ಲಿ 1947ರಲ್ಲಿ ಮಹೀಂದ್ರಾದವರು ಮುಂಬಯಿಯಲ್ಲಿ ಇದರ ಭಾಗಗಳನ್ನು ತರಿಸಿ ಜೋಡಿಸತೊಡಗಿದರು. ಆಮೇಲೆ ಅದೇ ವಂಶದ ಜೀಪುಗಳು ಪೊಲೀಸರಿಗೆ, ಅರಣ್ಯ ಇಲಾಖೆಗೆ, ಹಳ್ಳಿಯ ರೈತರಿಗೆ ದಶಕಗಟ್ಟಲೆ ದುಡಿದವು.

ಅಂಥದೊಂದು ಹಳೆಯ ಜೀಪನ್ನು ಈ ವರ್ಷ ಬಂಗಾರಪೇಟೆ ಕಡೆಯ ರೈತರೊಬ್ಬರಿಂದ ನಾನು ಕೊಂಡೆ. ನಮ್ಮ ಸಣ್ಣ ಜಮೀನಿಗೆ ಹೋಗುವ ಮಣ್ಣುದಾರಿ ಮಳೆ ಬಂದರೆ ಗದ್ದೆಯಾಗುತ್ತದೆ. “ಎಪ್ಪತ್ತು ದಾಟಿದ ಮೇಲೆ ಜೀಪಾ?” ಎಂದು ನನ್ನಾಕೆ ನಕ್ಕಳು. ಸೊಸೆ ನಗಲಿಲ್ಲ. “ಮಾವ, ಬ್ರೇಕ್ ಸರಿಯಾಗೋ ತನಕ ಮಗು ಆ ಗಾಡಿ ಹತ್ತೋದು ಬೇಡ” ಎಂದಳು. ಏಳನೇ ಕ್ಲಾಸಿನ ಮೊಮ್ಮಗಳ ಮುಖ ಸಣ್ಣಗಾಯಿತು. ಆದರೂ ಸೊಸೆಯ ಮಾತೇ ಸರಿ. ಹಳೆಯ ಗಾಡಿ ಕೊಂಡವರಿಗೆ ಮೊದಲು ಬಣ್ಣ ಹೊಡೆಸಬೇಕು, ಹೊಸ ಸೀಟು ಹಾಕಿಸಬೇಕು ಅನ್ನಿಸುತ್ತದೆ. ಓಡದ ಗಾಡಿಯಿಂದ ಅಪಾಯವಿಲ್ಲ, ನಿಲ್ಲದ ಗಾಡಿಯಿಂದ ಇದೆ.

ನಮ್ಮ ಕೆ.ಜಿ.ಎಫ್.ನಲ್ಲಿ ಒಂದು ಅನುಕೂಲವಿದೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಆದರೆ ಗಣಿಯಲ್ಲಿ ದುಡಿದ ಕೈಗಳು ಊರಿನಲ್ಲೇ ಉಳಿದವು. ಬೆಮೆಲ್ ಕಾರ್ಖಾನೆಯಂತೂ ಇದ್ದೇ ಇದೆ. ಸ್ಪ್ಯಾನರ್ ಹಿಡಿಯಲು ಬಲ್ಲವರು ಬೀದಿಗೊಬ್ಬರು ಸಿಗುತ್ತಾರೆ. ನಮ್ಮ ಬೀದಿಯಲ್ಲಿ ಗಣಿಯ ಫಿಟ್ಟರ್ ಆಗಿದ್ದ ಹಿರಿಯರೊಬ್ಬರಿದ್ದಾರೆ. ಜೀಪನ್ನು ಒಂದು ಸುತ್ತು ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: “ಸಾರ್, ಜಾಕಿ ಹಾಕೋಕೆ ಮುಂಚೆ ಚಕ್ರಕ್ಕೆ ಏನು ಕೊಡ್ತೀರಿ?”

ಆ ಪ್ರಶ್ನೆಯ ಹಿಂದೆ ದೊಡ್ಡ ಪಾಠವಿದೆ. ಎತ್ತಿನ ಗಾಡಿ ತಿರುಗುವುದನ್ನು ನೋಡಿದ್ದೀರಾ? ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಸುತ್ತಬೇಕು, ಒಳಗಿನದು ಕಡಿಮೆ. ಚಕ್ರಗಳು ಅಚ್ಚಿನ ಮೇಲೆ ಬೇರೆ ಬೇರೆಯಾಗಿ ತಿರುಗುವುದರಿಂದ ತೊಂದರೆಯಿಲ್ಲ. ಎಂಜಿನ್ ಗಾಡಿಯಲ್ಲಿ ಎರಡೂ ಚಕ್ರಗಳಿಗೆ ಬಲ ಕೊಡಬೇಕು, ಬೇರೆ ಬೇರೆ ವೇಗದಲ್ಲಿ ತಿರುಗಲೂ ಬಿಡಬೇಕು. ಆ ಕೆಲಸ ಮಾಡುವ ಹಲ್ಲುಗಾಲಿಗಳ ಪೆಟ್ಟಿಗೆಯೇ ಡಿಫರೆನ್ಷಿಯಲ್. ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿಯಂತೆ ಉಬ್ಬಿರುತ್ತದಲ್ಲ, ಅದು.

ಹಳೆಯ ಜೀಪುಗಳಲ್ಲಿ ಹಲವಕ್ಕೆ ಹ್ಯಾಂಡ್‌ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ. ಎಂಜಿನ್ ಕಡೆಯಿಂದ ಹಿಂದಿನ ಅಚ್ಚಿಗೆ ಬಲ ಒಯ್ಯುವ ಉದ್ದನೆಯ ಶಾಫ್ಟನ್ನು ಹಿಡಿಯುತ್ತದೆ. ನಾಲ್ಕೂ ಚಕ್ರ ನೆಲದ ಮೇಲಿದ್ದಾಗ ಸರಿಯೇ. ಆದರೆ ಜಾಕಿ ಹಾಕಿ ಹಿಂದಿನ ಒಂದು ಚಕ್ರವನ್ನು ಎತ್ತಿದಿರೋ, ಡಿಫರೆನ್ಷಿಯಲ್ ತನ್ನ ಬುದ್ಧಿ ತೋರಿಸುತ್ತದೆ. ಶಾಫ್ಟ್ ನಿಂತೇ ಇರುತ್ತದೆ, ಗಾಳಿಯಲ್ಲಿರುವ ಚಕ್ರ ಹಿಂದಕ್ಕೆ ತಿರುಗುತ್ತದೆ, ನೆಲದ ಮೇಲಿನ ಚಕ್ರ ಮುಂದಕ್ಕೆ ಉರುಳುತ್ತದೆ! ಹ್ಯಾಂಡ್‌ಬ್ರೇಕ್ ಬಿಗಿಯಾಗಿದ್ದರೂ ಗಾಡಿ ಜಾಕಿಯಿಂದ ಜಾರುತ್ತದೆ. ಅಡಿಯಲ್ಲಿ ಯಾರಾದರೂ ಇದ್ದರೆ? ಅದಕ್ಕೇ ಸಮನೆಲ ಬೇಕು, ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಮರದ ದಿಮ್ಮಿ ಕೊಡಬೇಕು. ಎತ್ತಿದ ಮೇಲೆ ಅಚ್ಚಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಬೇಕು. ಬರೀ ಜಾಕಿ ನಂಬಿ ಗಾಡಿಯ ಅಡಿಗೆ ಯಾರೂ ನುಗ್ಗಕೂಡದು. ಅದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ.

ಇನ್ನು ಕಾಲಿನ ಬ್ರೇಕ್. ಪೆಡಲ್ ಒತ್ತಿದರೆ ಸ್ಪಂಜಿನ ಹಾಗೆ ಮೆತ್ತಗೆ ಒಳಗೆ ಹೋಗುತ್ತಿತ್ತು. ಹಿಂದಿನ ಎಡಗಡೆ ಚಕ್ರದ ಒಳಗೆ ತೇವ ಬೇರೆ. ಅಲ್ಲಿನ ವೀಲ್ ಸಿಲಿಂಡರಿನ ರಬ್ಬರ್ ಸವೆದು ಬ್ರೇಕ್ ಆಯಿಲ್ ಸೋರುತ್ತಿತ್ತು. ಗಾಡಿಯ ತಪ್ಪಲ್ಲ, ವಯಸ್ಸಿನದು. ನನ್ನ ಮೊಣಕಾಲಿನ ಕಥೆಯೂ ಅದೇ. ಹಳೆಯ ಜೀಪುಗಳಲ್ಲಿ ಹಲವಕ್ಕೆ ನಾಲ್ಕು ಚಕ್ರಕ್ಕೂ ಸೇರಿ ಆಯಿಲಿನ ದಾರಿ ಒಂದೇ. ಒಂದು ಕಡೆ ಪೂರ್ತಿ ಸೋರಿದರೆ ನಾಲ್ಕೂ ಕಡೆ ಬ್ರೇಕ್ ಹೋದಂತೆ. ಆದ್ದರಿಂದ ಸಿಲಿಂಡರ್ ಬದಲಾಯಿಸುವ ಕೆಲಸವನ್ನು ಫಿಟ್ಟರ್ ಕೈಯಲ್ಲೇ ಮಾಡಿಸಿದೆ. ಕೊನೆಯಲ್ಲಿ ಗಾಳಿ ತೆಗೆಯುವ ಕೆಲಸವನ್ನು ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ನಾನೂ ಮೊಮ್ಮಗಳೂ ಮಾಡಿದೆವು. ನಿಂತ ಗಾಡಿಯಲ್ಲಿ ಕೂರಲು ಸೊಸೆಯ ಅನುಮತಿ ಸಿಕ್ಕಿತ್ತು.

ಗಾಳಿ ಇದ್ದರೇನು ತೊಂದರೆ? ಸೂಜಿ ಇಲ್ಲದ ಹೊಸ ಸಿರಿಂಜಿನಲ್ಲಿ ನೀರು ತುಂಬಿ ತುದಿಯನ್ನು ಬೆರಳಿಂದ ಮುಚ್ಚಿ ಒತ್ತಿ ನೋಡಿ. ಜಗ್ಗುವುದಿಲ್ಲ. ನೀರು ಚೆಲ್ಲಿ ಬರೀ ಗಾಳಿ ತುಂಬಿ ಒತ್ತಿ. ಅರ್ಧಕ್ಕೆ ಕುಗ್ಗುತ್ತದೆ! ದ್ರವ ಕುಗ್ಗುವುದಿಲ್ಲವೆಂದೇ ಪೆಡಲ್ ಮೇಲಿನ ಒತ್ತಡ ನಾಲ್ಕೂ ಚಕ್ರಕ್ಕೆ ತಲುಪುತ್ತದೆ. ಶಾಲೆಯಲ್ಲಿ ಓದುವ ಪಾಸ್ಕಲ್ ನಿಯಮ ಇದೇ. ನಡುವೆ ಗಾಳಿಗುಳ್ಳೆ ಸೇರಿಕೊಂಡರೆ ನಮ್ಮ ಕಾಲಿನ ಬಲವೆಲ್ಲ ಗುಳ್ಳೆ ಹಿಸುಕುವುದಕ್ಕೇ ಮುಗಿಯುತ್ತದೆ.

ಗಾಳಿ ತೆಗೆಯಲು ಇಬ್ಬರು ಬೇಕು. ಪ್ರತಿ ಚಕ್ರದ ಹಿಂದೆ ಒಂದು ಸಣ್ಣ ನಿಪ್ಪಲ್ ಇರುತ್ತದೆ. ಅದಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿದೆ. ಡ್ರೈವರ್ ಕಡೆಯಿಂದ ತೀರಾ ದೂರದ, ಹಿಂದಿನ ಎಡ ಚಕ್ರದಿಂದ ಆರಂಭ. “ಒತ್ತು ಪುಟ್ಟಿ, ಹಾಗೇ ಹಿಡಕೋ” ಅಂದೆ. ನಿಪ್ಪಲ್ ಸಡಿಲಿಸಿದರೆ ಗುಳುಗುಳು ಗುಳ್ಳೆ ಬಂತು. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ “ಈಗ ಬಿಡು”. ಮೊದಲೇ ಬಿಟ್ಟರೆ ಗಾಳಿ ವಾಪಸು ಒಳಗೆ. ಮೇಲಿನ ಡಬ್ಬಿಯಲ್ಲಿ ಆಯಿಲ್ ಕಡಿಮೆಯಾಗದಂತೆ ತುಂಬಿಸುತ್ತಲೂ ಇರಬೇಕು. ನಾಲ್ಕನೇ ಚಕ್ರ ಮುಗಿಯುವಾಗ ಮೇಲಿಂದ ಕೂಗು ಬಂತು: “ತಾತ, ಪೆಡಲ್ ಕಲ್ಲಿನ ಹಾಗೆ ಆಯ್ತು!”

ಒಂದು ಎಚ್ಚರಿಕೆ. ಬ್ರೇಕ್ ಆಯಿಲ್ ವಿಷ. ಬಣ್ಣವನ್ನೂ ತಿನ್ನುತ್ತದೆ. ಕೈ ಸೋಪು ಹಾಕಿ ತೊಳೆಯಬೇಕು. ತೆಗೆದ ಆಯಿಲನ್ನು ಮತ್ತೆ ತುಂಬಬಾರದು. ಅದರ ಬದಲು ಎಂಜಿನ್ ಆಯಿಲನ್ನಂತೂ ಹಾಕಲೇಬಾರದು, ರಬ್ಬರೆಲ್ಲ ಊದಿ ಹಾಳಾಗುತ್ತದೆ.

ಮುಂದಿನ ಸರದಿ ಏರ್ ಫಿಲ್ಟರಿನದು. ಗಣಿಯಿಂದ ಬಂದ ನುಣುಪು ಮರಳಿನ ಸೈನೈಡ್ ಗುಡ್ಡಗಳು ನಮ್ಮೂರಿನ ಗುರುತು. ಗಾಳಿ ಬೀಸಿದಾಗ ಆ ಧೂಳು ಊರಿಗೇ ಬರುತ್ತದೆ. ಹಳೆಯ ಜೀಪಿನ ಫಿಲ್ಟರಿನ ಬುಡದಲ್ಲಿ ಎಂಜಿನ್ ಆಯಿಲ್ ತುಂಬಿದ ಬಟ್ಟಲಿರುತ್ತದೆ. ಒಳಗೆ ನುಗ್ಗುವ ಗಾಳಿ ಆಯಿಲಿಗೆ ತಾಗಿ ತಿರುಗುವಾಗ ಧೂಳು ಅಲ್ಲೇ ಅಂಟಿಕೊಳ್ಳುತ್ತದೆ. ನಮ್ಮ ಬಟ್ಟಲಿನ ತಳದಲ್ಲಿ ರಾಗಿ ಅಂಬಲಿಯಂಥ ಗಸಿ ಇತ್ತು. ಅದನ್ನು ಡೀಸೆಲ್‌ನಲ್ಲಿ ತೊಳೆದು, ಗುರುತಿನ ಗೆರೆಯ ತನಕ ಮಾತ್ರ ಹೊಸ ಆಯಿಲ್ ಹಾಕಿದೆ.

ಬ್ಯಾಂಕಿನ ಅಭ್ಯಾಸ ಬಿಡಲಿಲ್ಲ. ಒಂದು ಲೆಡ್ಜರ್ ಇಟ್ಟಿದ್ದೇನೆ: ತಾರೀಖು, ಕಿಲೋಮೀಟರ್, ಕೆಲಸ, ಖರ್ಚು. ಬಿಚ್ಚಿದ ಬೋಲ್ಟುಗಳು ಮೊಟ್ಟೆ ಟ್ರೇಯಲ್ಲಿ, ಕ್ರಮವಾಗಿ. ಬಿಚ್ಚಿದ್ದೆಷ್ಟು, ಹಾಕಿದ್ದೆಷ್ಟು ಎಂದು ಸಂಜೆ ಮೊಮ್ಮಗಳು ತಾಳೆ ನೋಡುತ್ತಾಳೆ. ಒಂದು ಮಿಕ್ಕರೂ ಅವತ್ತು ಗಾಡಿ ಕದಲುವುದಿಲ್ಲ.

ಕೊನೆಗೆ ಸೊಸೆಯೇ ಖಾಲಿ ಮೈದಾನದಲ್ಲಿ ಜೀಪು ಓಡಿಸಿ, ನಾಲ್ಕೈದು ಸಲ ಬ್ರೇಕ್ ಒತ್ತಿ ನೋಡಿದಳು. ಇಳಿದು ಬಂದು ಹೇಳಿದ್ದು ಎರಡೇ ಮಾತು: “ಹತ್ತು, ಪುಟ್ಟಿ.” ಬಣ್ಣ ಇನ್ನೂ ಹಳೆಯದೇ ಇದೆ.

ಅಜ್ಜಂದಿರೇ, ನಿಮ್ಮ ಮನೆಯಲ್ಲಿ ಜೀಪು ಇಲ್ಲದಿದ್ದರೆ ಸೈಕಲ್ ಇರುತ್ತದೆ. ಈ ಭಾನುವಾರ ಮೊಮ್ಮಕ್ಕಳನ್ನು ಕೂರಿಸಿಕೊಂಡು ಅದರ ಬ್ರೇಕ್ ಕಟ್ಟೆಗಳು ಎಷ್ಟು ಸವೆದಿವೆ ನೋಡಿ. ಮಕ್ಕಳೇ, ಬೆಲ್ ಹೊಳೆಯುವಂತೆ ಉಜ್ಜುವುದು ಆಮೇಲೆ.