ನೆನೆದು ಉಣ್ಣುವುದು

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲಿದೆ. ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದಿರಿಸಿದ ಆ ಶಿಲೆಯಲ್ಲಿ ನಾಯಿಯೊಂದು ಕಾಡುಹಂದಿಯೊಡನೆ ಹೋರಾಡುತ್ತಿರುವ ಚಿತ್ರವನ್ನು ಕಡೆದಿದ್ದಾರೆ. ಕಾಲ ಕ್ರಿ. ಶ. 949–50. ತಕ್ಕೋಲದ ಕಾಳಗದಲ್ಲಿ ಚೋಳರ ವಿರುದ್ಧ ಶೌರ್ಯ ಮೆರೆದ ಮಣಲೇರನೆಂಬ ವೀರನು, ಮೆಚ್ಚಿದ ಅರಸನಲ್ಲಿ ಹೊನ್ನನ್ನು ಕೇಳದೆ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದರೊಡನೆ ಕಾದಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದು ಶಾಸನವು ವಿಧಿಸುತ್ತದೆ.

ನನ್ನನ್ನು ಬಹುಕಾಲ ಕಾಡಿದ್ದು ಈ ಕಡೆಯ ಮಾತು. ವರ್ಷಕ್ಕೊಮ್ಮೆ ಜಾತ್ರೆ ಮಾಡಿರೆಂದು ಅದು ಹೇಳಲಿಲ್ಲ. ಉಣ್ಣುವ ಮುನ್ನ ನೆನೆಯಬೇಕೆಂದು ಹೇಳಿತು. ಹಸಿವು ದಿನವೂ ಆಗುವುದರಿಂದ ನೆನಪೂ ದಿನದ್ದಾಗಬೇಕಾಯಿತು. ಒಂದು ನಾಯಿಯ ಉಪಕಾರಕ್ಕೆ ನಮ್ಮ ಹಿರಿಯರು ತೋರಿದ ನಿಷ್ಠೆ ಇದು.

ಕನ್ನಡ ನಾಡಿನ ಊರೂರುಗಳಲ್ಲಿ ಕೆರೆಯ ಏರಿಯ ಮೇಲೆ, ಗುಡಿಯ ಹಿಂದೆ ವೀರಗಲ್ಲುಗಳು ನಿಂತಿವೆ. ಉಂಡ ಜೋಳದ ಋಣಕ್ಕಾಗಿ ಪ್ರಾಣವನ್ನು ತೆರುವ ನಿಷ್ಠೆಯನ್ನು ಜೋಳವಾಳಿ ಎಂದು ಕರೆಯುತ್ತಿದ್ದರು. ಹಾಗೆ ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು. ಎಂತಹ ಪದ! ಕೊಟ್ಟದ್ದು ಏತಕ್ಕಾಗಿ ಎಂಬುದನ್ನು ಮರೆಯಲು ಅದು ಬಿಡುವುದೇ ಇಲ್ಲ. ಈಗ ಅಂತಹ ಎಷ್ಟೋ ಕಲ್ಲುಗಳ ಮೇಲೆ ಬಟ್ಟೆ ಒಗೆಯುತ್ತಾರೆ.

ಕೃತಜ್ಞ, ಕೃತಘ್ನ: ಈ ಎರಡು ಮಾತುಗಳನ್ನು ಮಕ್ಕಳು ಉಕ್ತಲೇಖನದಲ್ಲಿ ಅದಲುಬದಲು ಮಾಡುತ್ತಿದ್ದರು. ಮಾಡಿದ ಉಪಕಾರವನ್ನು ಅರಿತವನು ಮೊದಲನೆಯವನು. ಅದನ್ನು ಕೊಂದವನು ಎರಡನೆಯವನು. ಕೃತಜ್ಞತೆಯ ಮೂಲದಲ್ಲಿರುವುದು ಅರಿವು ಎಂಬುದನ್ನು ಗಮನಿಸಬೇಕು. ಅರಿಯಬೇಕಾದರೆ ಕೇಳಬೇಕು. ಇದನ್ನು ಕಪ್ಪುಹಲಗೆಯ ಮೇಲೆ ಬರೆದು ವಿವರಿಸುತ್ತಿದ್ದ ನಾನೇ ಕೇಳದೆ ಹೋದವನು.

ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಗಂಟೆ ಬಾರಿಸುವ ಜವಾನನೊಬ್ಬನಿದ್ದ. ಬೆಳಗಾವಿ ಕಡೆಯವನು, ಮಾತು ಕಡಿಮೆ. ಕಚೇರಿಯಿಂದ ಗಂಟೆಯ ಕಂಬದವರೆಗೆ ನಾಲ್ವತ್ತು ಹೆಜ್ಜೆ ನಡೆಯಲು ಅವನಿಗೆ ಇತರರ ಎರಡರಷ್ಟು ಹೊತ್ತು ಬೇಕಾಗುತ್ತಿತ್ತು. ಗಂಟೆ ತಡವಾದಾಗ ಸೋಮಾರಿಯೆಂದು ಮಕ್ಕಳೆದುರಿಗೇ ಅವನನ್ನು ಗದರಿದ್ದೇನೆ, ಒಂದು ಸಲವಲ್ಲ. ಅವನು ತಲೆ ತಗ್ಗಿಸಿ ನಿಲ್ಲುತ್ತಿದ್ದ.

ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದುಬಂದಿರುವ ಈ ಆಚರಣೆಯಲ್ಲಿ ಪುಟ್ಟ ಧ್ವಜಗಳನ್ನು ಹಂಚಿ, ಮಾಜಿ ಸೈನಿಕರ, ಗಾಯಾಳುಗಳ, ಮಡಿದವರ ಕುಟುಂಬಗಳ ನೆರವಿಗೆ ಹಣ ಕೂಡಿಸುತ್ತಾರೆ. ನಮ್ಮ ಶಾಲೆಯ ಡಬ್ಬಿಯ ಹೊಣೆ ನನ್ನದು. ಒಂದು ವರ್ಷ ಆ ಜವಾನನು ಬಂದು ಡಬ್ಬಿಗೆ ಹತ್ತು ರೂಪಾಯಿ ಹಾಕಿದ. ಪಕ್ಕದಲ್ಲಿದ್ದ ಐದನೆಯ ತರಗತಿಯ ಹುಡುಗನೊಬ್ಬ, “ನಿಮ್ಮ ಕಾಲಿಗೆ ಏನಾಗಿದೆ?” ಎಂದು ನೇರವಾಗಿ ಕೇಳಿಬಿಟ್ಟ. “ಸಿಯಾಚಿನ್‌ದಾಗ ಮೂರು ಬೆರಳು ಬಿಟ್ಟು ಬಂದೀನಿ ತಮ್ಮಾ” ಎಂದು ಅವನು ನಕ್ಕ.

ಭಾರತದ ಸೇನೆ ಆ ಹಿಮನದಿಯ ಎತ್ತರಗಳನ್ನು ಏರಿ ನಿಂತದ್ದು 1984ರ ಏಪ್ರಿಲ್‌ನಲ್ಲಿ. ಕೆಲವು ಠಾಣೆಗಳು ಆರು ಸಾವಿರ ಮೀಟರಿಗಿಂತಲೂ ಎತ್ತರದಲ್ಲಿವೆ. ಅಲ್ಲಿ ಶತ್ರುವಿನ ಗುಂಡಿಗಿಂತ ಚಳಿ, ಹಿಮಪಾತ, ತೆಳುಗಾಳಿಗಳಿಗೆ ಬಲಿಯಾದವರೇ ಹೆಚ್ಚು. ಅತಿಶೀತದಲ್ಲಿ ದೇಹವು ಒಡಲಿನ ಬಿಸಿಯನ್ನು ಕಾಯಲು ಕೈಕಾಲುಗಳ ರಕ್ತನಾಳಗಳನ್ನು ಕುಗ್ಗಿಸುತ್ತದೆ; ರಕ್ತ ಹರಿಯದೆ ಬೆರಳುಗಳು ಮರಗಟ್ಟಿ, ಕಪ್ಪಾಗಿ, ಕಡೆಗೆ ಕತ್ತರಿಸಬೇಕಾಗುತ್ತದೆ. ನಾನು ಸೋಮಾರಿತನವೆಂದುಕೊಂಡ ನಡಿಗೆ ಅದು. ಒಂಬತ್ತು ವರ್ಷ ನಾನು ಕೇಳದೆ ಹೋದದ್ದನ್ನು ಒಬ್ಬ ಹುಡುಗ ಅರೆಗಳಿಗೆಯಲ್ಲಿ ಕೇಳಿದ. ನನ್ನ ಎದೆಯ ಮೇಲೆ ಆಗ ಕಾಗದದ ಧ್ವಜವಿತ್ತು.

ಸೈನಿಕನಿಗೆ ಸಂಬಳವಿಲ್ಲವೆ, ನಿವೃತ್ತಿವೇತನವಿಲ್ಲವೆ, ಮತ್ತೇಕೆ ಕೃತಜ್ಞತೆ ಎನ್ನುವವರುಂಟು. ನಾನೂ ಸಂಬಳ ಪಡೆದೇ ಪಾಠ ಹೇಳಿದವನು. ಆದರೂ ಹಳೆಯ ವಿದ್ಯಾರ್ಥಿಯೊಬ್ಬ ದಾರಿಯಲ್ಲಿ ನಿಂತು ಮಾತನಾಡಿಸಿದಾಗ, ಯಾವ ಸಂಬಳದಲ್ಲಿಯೂ ಬಾರದಿದ್ದ ಏನೋ ಒಂದು ಕೈಸೇರಿದಂತಾಗುತ್ತದೆ. ಹಾಗೆಂದು ಹಾರ ಹಾಕಿ, ಸಲ್ಲಬೇಕಾದ ಹಣಕ್ಕಾಗಿ ಅಲೆದಾಡಿಸುವುದು ಕೃತಜ್ಞತೆಯಲ್ಲ. ಸಲ್ಲಬೇಕಾದದ್ದು ಮೊದಲು ಸಲ್ಲಲಿ.

ಯೋಧನನ್ನು ನೆನೆಯುವುದೆಂದರೆ ಯುದ್ಧವನ್ನು ಹೊಗಳುವುದೆಂಬ ಅಳುಕೂ ಕೆಲವರಿಗಿದೆ. ಕೊಡಗಿನ ಜನರಲ್ ತಿಮ್ಮಯ್ಯನವರು ಕೊರಿಯಾದ ಯುದ್ಧ ನಿಂತ ಮೇಲೆ, 1953–54ರಲ್ಲಿ, ಯುದ್ಧಕೈದಿಗಳ ವಿಚಾರವನ್ನು ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದರು. 1965ರಲ್ಲಿ ಅವರು ತೀರಿಕೊಂಡದ್ದು ಸೈಪ್ರಸ್ ದ್ವೀಪದಲ್ಲಿ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿದ್ದಾಗ. ಯುದ್ಧವನ್ನು ಕಂಡವನಿಗೆ ಶಾಂತಿಯ ಬೆಲೆ ತಿಳಿಯದೆಂದು ಹೇಳುವವರು ಯಾರು?

ಸೈನಿಕನೊಬ್ಬನನ್ನೇ ನೆನೆದರೆ ಸಾಕೆಂದು ನಾನು ಹೇಳುತ್ತಿಲ್ಲ. ನನ್ನ ತಾಯಿ ಹಾಸಿಗೆಯಿಂದೆದ್ದು ಕಾಲೂರುವ ಮುನ್ನ ನೆಲವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ರೈತರು ಎಳ್ಳಮಾವಾಸ್ಯೆಯಂದು ಹೊಲಕ್ಕೆ ಚರಗ ಚೆಲ್ಲಿಯೇ ಉಣ್ಣುತ್ತಾರೆ. ಬೀದಿ ಗುಡಿಸುವವಳು ಒಂದು ದಿನ ಬಾರದಿದ್ದರೆ ಮಾತ್ರ ಅವಳ ನೆನಪಾಗುವುದು ನಮ್ಮ ಪಟ್ಟಣವಾಸಿಗಳ ರೋಗ. ನಾನೀಗ ರಾತ್ರಿ ಊಟಕ್ಕೆ ಕೂಡುವ ಮುನ್ನ, ಆ ದಿನ ನನಗಾಗಿ ದುಡಿದ ಒಬ್ಬರ ಹೆಸರನ್ನು ಹೇಳಿಕೊಳ್ಳುತ್ತೇನೆ. ಹೆಸರು ತಿಳಿಯದಿದ್ದರೆ ಮರುದಿನ ಕೇಳಿ ತಿಳಿದುಕೊಳ್ಳುತ್ತೇನೆ. ಹೆಂಡತಿಗೆ ಮೊದಮೊದಲು ನಗು. ಈಗ ಅವಳೂ ಹೇಳುತ್ತಾಳೆ, ನನಗಿಂತ ಹೆಚ್ಚು ಹೆಸರುಗಳು ಅವಳಿಗೇ ಗೊತ್ತು.

ಕಳೆದ ಡಿಸೆಂಬರಿನಲ್ಲಿ ಆ ಜವಾನನ ಊರಿಗೆ ಹೋಗಿದ್ದೆ. ಎಪ್ಪತ್ತು ದಾಟಿದ ಮುದುಕ, ಬಾಗಿಲ ಕಟ್ಟೆಯ ಮೇಲೆ ಬಿಸಿಲು ಕಾಯುತ್ತಿದ್ದ. ಅಂದು ಗದರಿದ್ದಕ್ಕೆ ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಎದುರಿಗೆ ಕುಳಿತಾಗ ಅರ್ಧವೂ ಬರಲಿಲ್ಲ. ಅವನು ಚಹಾ ತರಿಸಿದ. ನನ್ನ ಬಟ್ಟಲನ್ನು ಹತ್ತಿರ ಸರಿಸಿ, “ಈಗ ಗಂಟಿ ಯಾರು ಹೊಡೀತಾರ್ರೀ ಸರ?” ಎಂದು ಕೇಳಿದ.